ಪಂಚಪ್ಪ ಒರಗಿದ ಗೋಡೆ

ಹೆಣ ಉಸಿರಾಡುತ್ತಿದೆ ಎಂದು ಮೊದಲು ಕಂಡುಹಿಡಿದವರು ನಾರಾಯಣಸ್ವಾಮಿಯವರ ಹೆಂಡತಿ. ಗಲ್ಫಿನಲ್ಲಿ, ಬಿನ್ ಒಮ್ರಾನ್ ಬಡಾವಣೆಯ ಅವರ ಫ್ಲಾಟಿನಲ್ಲಿ ಶುಕ್ರವಾರದ ಊಟ ಮುಗಿಸಿ ಕನ್ನಡ ಸಂಘದ ಕಮಿಟಿಯವರೆಲ್ಲ ಟೀವಿಯ ಮುಂದೆ ಕೂತಿದ್ದರು. ಆಕೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುವವರು ಹಾಗೇ ನಿಂತು, “ರೀ, ಸತ್ತೋರ ಹೊಟ್ಟೆ ಮೇಲೆ ಕೆಳಗೆ ಆಗ್ತಿದೆ ನೋಡ್ರೀ” ಎಂದರು. ಅಲ್ಲಿಂದ ಮುಂದೆ ಯಾರೂ ಕಥೆ ನೋಡಲಿಲ್ಲ, ಹೊಟ್ಟೆಯನ್ನೇ ನೋಡಿದರು. ಯಾರೋ ಒಬ್ಬರು ಪ್ರತಿ ಉಸಿರಿಗೂ “ಒಳಗೆ, ಹೊರಗೆ” ಎಂದು ತಾಳ ಹಾಕತೊಡಗಿದರು. ಕಥೆ ಬರೆದ ಶಿವಕುಮಾರ ಬಾಗಿಲ ಬಳಿಯ ಮಡಚುವ ಕುರ್ಚಿಯಲ್ಲಿ ಕೂತು ತನ್ನ ಬೆರಳುಗಳನ್ನು ನೋಡಿಕೊಂಡ.

ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ನಾಟಕವಿರುತ್ತಿತ್ತು. ಆ ವರ್ಷ ನಾಟಕ ಬೇಡ, ವಿಡಿಯೋದಲ್ಲಿ ಒಂದು ದೆವ್ವದ ಸಿನಿಮಾ ತೆಗೆಯೋಣ ಎಂದವರು ಅಧ್ಯಕ್ಷರಾದ ಎಂಜಿನಿಯರ್ ನಾರಾಯಣಸ್ವಾಮಿಯವರೇ. ಒಂದೇ ದೊಡ್ಡ ಕಥೆಯಾದರೆ ಎಲ್ಲರಿಗೂ ಪಾತ್ರ ಸಿಗುವುದಿಲ್ಲ, ಬಿಡುವೂ ಹೊಂದುವುದಿಲ್ಲ. ಅದಕ್ಕೆ ಮೂರು ಸಣ್ಣ ಕಥೆ. ಒಬ್ಬ ಮುದಿ ಕಾವಲುಗಾರ ಕೈಯಲ್ಲಿ ಬೀಗದ ಕೈ ಹಿಡಿದು ಒಂದೊಂದೇ ಕೋಣೆ ತೆಗೆಯುತ್ತಾನೆ, ಒಂದೊಂದು ಕೋಣೆಯಲ್ಲೂ ಒಂದೊಂದು ದೆವ್ವ. ‘ಬೀಗದ ಮೂರು ಕೋಣೆ’ ಎಂದು ಹೆಸರಿಟ್ಟರು. ಬರೆಯುವ ಕೆಲಸ ಶಿವಕುಮಾರನಿಗೆ ಬಂತು. ಅವನು ಕಟ್ಟಡದ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಹಗಲು ಕೆಲಸ ಮಾಡಿಕೊಂಡು ಹುಬ್ಬಳ್ಳಿಯ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಹಗಲು ಓದಿದವರಿಗೆ ತನಗೆ ತಿಳಿಯದ್ದು ಏನೋ ತಿಳಿದಿರುತ್ತದೆ ಎಂಬ ಅಳುಕು ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಯಾರು ಏನು ತಪ್ಪು ತೋರಿಸಿದರೂ ತಿದ್ದಲು ಎದ್ದು ನಿಲ್ಲುತ್ತಿದ್ದ.

ತಪ್ಪುಗಳಿಗೇನೂ ಕಡಿಮೆಯಿರಲಿಲ್ಲ. ಮೊದಲ ಕಥೆಯ ಹೆಣ್ಣು ದೆವ್ವ ಬಿಳಿ ನೈಟಿಯಲ್ಲಿ ಕೈ ಚಾಚಿದಾಗ ಮಣಿಕಟ್ಟಿನ ವಾಚು ಮಿಂಚುತ್ತಿತ್ತು. ಎರಡನೆಯದರಲ್ಲಿ ಟ್ಯಾಕ್ಸಿಯ ಹಿಂದಿನ ಸೀಟಿನ ಪ್ರಯಾಣಿಕ ಮಾಯವಾಗಬೇಕು. ಆದರೆ ಕಾರಿನ ಕನ್ನಡಿಯಲ್ಲಿ ಅವನು ಬಾಗಿ ಇಳಿದು ಹೋಗುವುದು ಪೂರ್ತಿ ಕಾಣುತ್ತಿತ್ತು. ಕಾವಲುಗಾರನ ಮೀಸೆ ಒಂದೊಂದು ಕೋಣೆಗೆ ಒಂದೊಂದು ದಪ್ಪ. ಇವೆಲ್ಲ ನಕ್ಕು ಮರೆಯುವಂಥವು. ಮೂರನೆಯ ಕಥೆ ಮಾತ್ರ ಶಿವಕುಮಾರ ತನ್ನ ಊರಿನ ನೆನಪಿನಿಂದ ಬರೆದದ್ದು, ಅದರ ಮೇಲೆ ಅವನಿಗೆ ಆಸೆಯಿತ್ತು. ಹಳ್ಳಿಯ ಗೌಡನೊಬ್ಬ ಸಾಯುತ್ತಾನೆ. ಲಿಂಗಾಯತರ ಪದ್ಧತಿಯಂತೆ ಹೆಣವನ್ನು ಮಲಗಿಸದೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ, ತೋಳಿಗೆ ವಿಭೂತಿ, ಕೊರಳಿಗೆ ಹಾರ. ಹೆಂಡತಿ ಒಬ್ಬಳೇ ಎದುರು ಕೂತಿರುವಾಗ ದೀಪ ಆರುತ್ತದೆ, ಹೆಣ ಕಣ್ಣು ತೆರೆಯುತ್ತದೆ. ಇಷ್ಟೇ.

ಗೌಡನ ಪಾತ್ರಕ್ಕೆ ಪಂಚಪ್ಪನನ್ನು ಕರೆತಂದವನೂ ಶಿವಕುಮಾರನೇ. ಹುನಗುಂದದ ಕಡೆಯವನು, ಅದೇ ಕಂಪನಿಯಲ್ಲಿ ಗಾರೆ ಕೆಲಸ, ಇರುವುದು ಕೆಲಸಗಾರರ ಕ್ಯಾಂಪಿನಲ್ಲಿ. ಬಂದ ಮೇಲೆ ಒಮ್ಮೆಯೂ ಊರಿಗೆ ಹೋಗಿರಲಿಲ್ಲ. ರಜೆ ಪ್ರತಿ ಸಲವೂ ಮುಂದಕ್ಕೆ ಹೋಗುತ್ತಿತ್ತು. ಮೊದಲು ಅವನಿಗೆ ಟ್ಯಾಕ್ಸಿ ಡ್ರೈವರನ ಪಾರ್ಟು ಕೊಟ್ಟಿದ್ದರು. ಎರಡು ಸಾಲಿನ ಮಾತು ಬಾಯಿಗೆ ಬರದೆ ಬೆವತುಬಿಟ್ಟ. ಆಗ ಅವನೇ ಶಿವಕುಮಾರನ ಬಳಿ ಬಂದು ಮಾತಿಲ್ಲದ ಪಾರ್ಟು ಏನಾದರೂ ಇದೆಯೇ ಎಂದು ಕೇಳಿದ. ಹೆಣ ಒಂದೇ ಉಳಿದಿರುವುದು ಎಂದಾಗ ಬೇಜಾರು ಪಡಲಿಲ್ಲ.

“ಹೆಣ ಆದರೇನ್ರಿ ಸರ, ಮಾರಿ ಕಾಣಿಸಿದರ ಸಾಕು. ಕ್ಯಾಸೆಟ್ ಒಯ್ದು ನಮ್ಮ ಗುರವ್ವಗ ತೋರಸಬೇಕು. ನನ್ನ ಮಾರಿ ಮರತಾಳೇನೋ ಆಕಿ.”

ಮುಖ ಚೆನ್ನಾಗಿ ಕಾಣುವ ಹಾಗೆ ತೆಗೆಸುತ್ತೇನೆ ಎಂದು ಶಿವಕುಮಾರ ಮಾತು ಕೊಟ್ಟ. ಪಂಚಪ್ಪ ಹೆಂಡತಿ ಗುರವ್ವನಿಗೆ ಫೋನಿನಲ್ಲಿ, ಗೌಡನ ಪಾರ್ಟು ಮಾಡುತ್ತಿದ್ದೇನೆ, ಕೂತೇ ಇರುತ್ತೇನೆ ಎಂದಷ್ಟೇ ಹೇಳಿದನಂತೆ. ಗೌಡ ಸತ್ತಿದ್ದಾನೆ ಎಂಬುದನ್ನು ಹೇಳಲಿಲ್ಲ.

ಶೂಟಿಂಗ್ ನಡೆದದ್ದು ಮದೀನತ್ ಖಲೀಫಾದ ಒಂದು ಖಾಲಿ ವಿಲ್ಲಾದಲ್ಲಿ. ರಿಪೇರಿಗೆಂದು ಬಾಡಿಗೆಯವರನ್ನು ಬಿಡಿಸಿದ್ದರು, ಕೀಲಿ ನಾರಾಯಣಸ್ವಾಮಿಯವರ ಬಳಿ ಇತ್ತು. ಕ್ಯಾಮೆರಾ ಅನ್ಸಾಫನದು. ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗ, ಬಿನ್ ಒಮ್ರಾನ್‌ನಲ್ಲಿ ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ, ಮದುವೆಗಳನ್ನೂ ತೆಗೆಯುತ್ತಿದ್ದ. ಸೈಟಿನಿಂದ ತಂದ ಹ್ಯಾಲೋಜನ್ ದೀಪ ಹಚ್ಚಿ, ಸದ್ದು ಬರಬಾರದೆಂದು ಎಸಿ ಆರಿಸಿ, ಕಿಟಕಿಗಳಿಗೆ ಕಂಬಳಿ ಬಡಿದಿದ್ದರು. ಏಪ್ರಿಲ್ ತಿಂಗಳು, ಕೋಣೆ ಒಲೆಯಂತಾಗಿತ್ತು.

ಅನ್ಸಾಫ್ ಒಂದು ಚಾಪೆ ಹಾಸಿ, ಬಿಳಿ ಬಟ್ಟೆ ಹಿಡಿದು ನಿಂತಿದ್ದ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಬೇಕು ಎಂದಾಗ ಶಿವಕುಮಾರನ ಮುಖವನ್ನೇ ನೋಡಿದ.

“ಎಂತ ಶಿವಣ್ಣ, ಮಯ್ಯತ್ತು ಕೂತ್ಕೊಂಡಿರ್ತದಾ? ಜನ ನಂಬ್ಲಿಕ್ಕೆ ಬೇಕಲ್ಲ ಮಾರಾಯ್ರೇ.”

ಉತ್ತರ ಕೊಟ್ಟವನು ಪಂಚಪ್ಪ. ಅಂಗಿ ಬಿಚ್ಚಿ, ಪಂಚೆ ಸರಿ ಮಾಡಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತ. ತಲೆ ವಾಲಬಾರದೆಂದು ಗಲ್ಲದ ಕೆಳಗಿನಿಂದ ಬಟ್ಟೆ ಕಟ್ಟಿ ಮೇಲೆ ಮೊಳೆಗೆ ಬಿಗಿಯುತ್ತಾರೆ ಎಂದು ತೋರಿಸಿಕೊಟ್ಟ. ತನ್ನ ತಂದೆಯನ್ನು ಹಾಗೆಯೇ ಕೂರಿಸಿದ್ದರಂತೆ. ಇಡೀ ಊರು ಬಂದು ಕಾಲಿಗೆ ಬಿದ್ದು ಹೋಗುವವರೆಗೆ ಅಪ್ಪ ಜಗುಲಿಯಲ್ಲಿ ಪಂಚಾಯ್ತಿಗೆ ಕೂತವನ ಹಾಗೆ ಕೂತಿದ್ದನಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆ ಇತ್ತು.

ಒಂದೇ ಒಂದು ವಿಷಯಕ್ಕೆ ಅವನು ಒಪ್ಪಲಿಲ್ಲ. ಸತ್ತವರ ಇಷ್ಟಲಿಂಗವನ್ನು ಕೊರಳಿನ ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿ ಇಡುವುದು ಪದ್ಧತಿ. ಶಿವಕುಮಾರ ಅದನ್ನು ಕೇಳಿದಾಗ ಪಂಚಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. “ಅದೊಂದು ಬ್ಯಾಡ್ರಿ ಸರ. ಅದನ್ನ ಕೈಯಾಗ ಇಟ್ಟರ ಖರೇನ ಸತ್ತಂಗ.” ಬದಲಿಗೆ ಒಂದು ಕರಿ ಗೋಲಿ ಇಡೋಣವೆಂದರೆ ಅದಕ್ಕೂ ತಲೆಯಲ್ಲಾಡಿಸಿದ. ಕೊನೆಗೆ ಎಡಗೈ ಹಾಗೇ ತೊಡೆಯ ಮೇಲೆ ಖಾಲಿ ಬಿಚ್ಚಿಕೊಂಡಿತು. ಉತ್ತರ ಕರ್ನಾಟಕದವರು ಯಾರಾದರೂ ಇದನ್ನು ಹಿಡಿದೇ ಹಿಡಿಯುತ್ತಾರೆ ಎಂದು ಶಿವಕುಮಾರನಿಗೆ ಅಂದಿನಿಂದಲೇ ಚಿಂತೆ ಹತ್ತಿತು.

ಹೆಂಡತಿಯ ಪಾತ್ರದ ನಾಗರತ್ನಾ ಅಳುತ್ತಿರುವಾಗ ಹೊರಗೆ ಬಾಂಗು ಆಯಿತು. ಅನ್ಸಾಫ್ ಕ್ಯಾಮೆರಾ ನಿಲ್ಲಿಸಲು ಮರೆತ. ಹಳ್ಳಿಯ ಕಥೆಯಲ್ಲಿ ಬಾಂಗು ಬಂತಲ್ಲ ಎಂದು ಎಲ್ಲರೂ ಕೈ ಕೈ ಹಿಸುಕಿಕೊಂಡರೆ, ಹೆಣವಾಗಿ ಕೂತಿದ್ದವನು ಕಣ್ಣು ಮುಚ್ಚಿಕೊಂಡೇ, “ನಮ್ಮೂರಾಗೂ ಕೇಳಸ್ತೈತಿ ಬಿಡ್ರಿ” ಎಂದ. ಆ ದಿನದ ದೊಡ್ಡ ನಗು ಅದು. ಕಣ್ಣು ತೆರೆಯುವ ಕೊನೆಯ ದೃಶ್ಯದ ಹೊತ್ತಿಗೆ ಹ್ಯಾಲೋಜನ್ ಸುಟ್ಟುಹೋಯಿತು. ಹಣತೆಯ ಬೆಳಕು ಸಾಕು ಎಂದುಕೊಂಡರು, ಸಾಕಾಗಲಿಲ್ಲ. ಟೀವಿಯಲ್ಲಿ ಬರೀ ಕತ್ತಲೆ, ಕತ್ತಲೆಯಲ್ಲಿ ನಾಗರತ್ನಾ ಕಿರುಚಿದ ಸದ್ದು.

ಹೀಗೆ ತೆಗೆದದ್ದನ್ನು ಕಮಿಟಿ ನೋಡಿ ನಕ್ಕಿತು. ನಾರಾಯಣಸ್ವಾಮಿಯವರು ಕೊನೆಗೆ ಹೇಳಿದ್ದು, ಬೇರೆ ಏನು ಬೇಕಾದರೂ ಇರಲಿ, ಹೆಣ ಉಸಿರಾಡುವುದನ್ನು ಮಾತ್ರ ನಿಲ್ಲಿಸಬೇಕು, ಇಲ್ಲದಿದ್ದರೆ ಮೂರನೆಯ ಕಥೆಯನ್ನೇ ತೆಗೆದುಬಿಡುವುದು.

ತೆಗೆದುಬಿಟ್ಟರೆ ಪಂಚಪ್ಪನ ಮುಖವೂ ಹೋಗುತ್ತದೆ. ಶಿವಕುಮಾರ ಅನ್ಸಾಫನ ಅಂಗಡಿಯಲ್ಲಿ ಕೂತ. ಎರಡು ವಿಸಿಆರ್‌ಗಳಿದ್ದವು, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಹಿಡಿಯುವುದೇ ಅವರ ಎಡಿಟಿಂಗ್. ಪಂಚಪ್ಪ ಒಬ್ಬನೇ ಇರುವ ಹತ್ತಿರದ ಶಾಟ್ ಬಂದಾಗ, ಎದೆ ಇಳಿದ ಗಳಿಗೆ ನೋಡಿ ಅನ್ಸಾಫ್ ಪಾಜ್ ಬಟನ್ ಒತ್ತುತ್ತಿದ್ದ. ಚಿತ್ರ ನಿಂತುಬಿಡುತ್ತಿತ್ತು. ಅದರ ಮೇಲೆ ನಾಗರತ್ನಾಳ ಅಳುವನ್ನು ಬೇರೆ ಕ್ಯಾಸೆಟ್ಟಿನಿಂದ ಕೂಡಿಸಿದರು. ಇಬ್ಬರೂ ಒಟ್ಟಿಗಿರುವ ದೂರದ ಶಾಟ್‌ಗಳನ್ನು ನಿಲ್ಲಿಸುವಂತಿರಲಿಲ್ಲ, ಆಕೆಯೂ ಕಲ್ಲಾಗುತ್ತಾಳೆ, ಅವನ್ನು ತೆಗೆದುಹಾಕಿದರು. ಶಿವಕುಮಾರ ಟೀವಿಗೆ ಮುಖವಿಟ್ಟು ಎಲ್ಲಾದರೂ ಒಂದು ಉಸಿರು ಉಳಿದಿದೆಯೇ ಎಂದು ಹುಡುಕಿದ. ಸಿಕ್ಕಿದ ಒಂದನ್ನೂ ತೆಗೆಸಿದ. ಖಾಲಿ ಅಂಗೈಗೆ ಮಾತ್ರ ಏನೂ ಮಾಡಲಾಗಲಿಲ್ಲ. “ಇನ್ನು ಖಲಾಸ್ ಶಿವಣ್ಣ, ಇವ ಪಕ್ಕಾ ಸತ್ತ” ಎಂದು ಅನ್ಸಾಫ್ ಚಹಾ ತರಲು ಎದ್ದ. ಹೊಸದನ್ನು ಹಿಡಿದದ್ದು ಕಮಿಟಿ ನೋಡಿದ್ದ ಹಳೆಯ ಕ್ಯಾಸೆಟ್ಟಿನ ಮೇಲೆಯೇ. ಶೂಟಿಂಗಿನ ಮೂಲ ಕ್ಯಾಸೆಟ್‌ಗಳ ಮೇಲೆ ಅನ್ಸಾಫ್ ಮದುವೆಗಳನ್ನು ಹಿಡಿದ. ಹೊಸ ಖಾಲಿ ಕ್ಯಾಸೆಟ್ ಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

ವಾರ್ಷಿಕೋತ್ಸವದ ದಿನ ಶಾಲೆಯ ಹಾಲಿನಲ್ಲಿ ಸಿನಿಮಾ ತೋರಿಸಿದರು. ಪಂಚಪ್ಪ ಕ್ಯಾಂಪಿನ ಗೆಳೆಯ ಬಸವಲಿಂಗನ ಜೊತೆ, ಅವನದೇ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಮೂರನೆಯ ಕೋಣೆಯ ಬಾಗಿಲು ತೆರೆದಾಗ ಹಾಲಿನಲ್ಲಿ ಗುಜುಗುಜು ಎದ್ದಿತು. ಕರಾವಳಿಯವರಿಗೆ ಅರ್ಥವೇ ಆಗಲಿಲ್ಲ. ಹಾರ ಹಾಕಿಕೊಂಡು ಕೂತ ಸ್ವಾಮೀಜಿಯ ಮುಂದೆ ಆ ಹೆಂಗಸು ಯಾಕೆ ಅಳುತ್ತಿದ್ದಾಳೆ ಎಂದು ಒಂದು ಮಗು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿತು. ನಿಲ್ಲಿಸಿದ ಚಿತ್ರದ ಕೆಳಗೆ ಬಿಳಿ ಗೆರೆಗಳು ನಡುಗುತ್ತಿದ್ದವು. ಕತ್ತಲೆಯ ದೃಶ್ಯದಲ್ಲಿ ಯಾರೋ ಶಿಳ್ಳೆ ಹೊಡೆದರು. ಶಿವಕುಮಾರ ಗೋಡೆಯ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಪಂಚಪ್ಪ ಅವನನ್ನು ಹುಡುಕಿಕೊಂಡು ಬಂದ. ಮುಖ ಅರಳಿತ್ತು.

“ನೋಡಿದ್ರೇನ್ರಿ ಸರ? ಒಂದ ಉಸರ ಬಿಟ್ಟಿಲ್ಲ ನಾ. ಹೆಂಗ ಹಿಡದಿದ್ದೆ ಅಂತ ನನಗs ಗೊತ್ತಿಲ್ಲ.”

ಉಸಿರು ನಿಲ್ಲಿಸಿದ್ದು ಪಾಜ್ ಬಟನ್ ಎಂದು ಶಿವಕುಮಾರ ಹೇಳಲಿಲ್ಲ. ಹೇಳಿದ್ದರೆ ಅವನ ಹೆಮ್ಮೆ ಹೋಗುತ್ತಿತ್ತು. ಅದೇ ವಾರ ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕ್ಯಾಸೆಟ್ ಕಳಿಸೋಣವೇ ಎಂದು ಕೇಳಿದ. ಪಂಚಪ್ಪ ಬೇಡವೆಂದ. ಶ್ರಾವಣಕ್ಕೆ ರಜೆ ಖಂಡಿತ ಎಂದು ಫೋರ್‌ಮನ್ ಹೇಳಿದ್ದಾನೆ, ತಾನೇ ಒಯ್ದು, ಗುರವ್ವನ ಪಕ್ಕ ಕೂತು, ಆಕೆ ಹೆದರುವುದನ್ನು ನೋಡಬೇಕು ಎಂದ.

ಜುಲೈಯಲ್ಲಿ ಒಂದು ಬೆಳಿಗ್ಗೆ ಅವನು ಮಂಚದಿಂದ ಏಳಲಿಲ್ಲ. ಹಿಂದಿನ ದಿನ ಬಿಸಿಲಿನಲ್ಲಿ ಸ್ಲ್ಯಾಬಿನ ಕೆಲಸವಿತ್ತು, ಊಟ ಬೇಡವೆಂದು ಮಲಗಿದ್ದ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಎಬ್ಬಿಸಲು ಹೋದ ಬಸವಲಿಂಗ ಸ್ಟೋರಿಗೆ ಓಡಿಬಂದು ಶಿವಕುಮಾರನನ್ನು ಕೈಹಿಡಿದು ಕರೆದೊಯ್ದ. ಹೆಣವನ್ನು ಊರಿಗೆ ಕಳಿಸುವ ಓಡಾಟವನ್ನೆಲ್ಲ ಇಬ್ಬರೂ ಮಾಡಿದರು. ಪೆಟ್ಟಿಗೆಯ ಅಳತೆ ಕೇಳಿದ್ದೇ ಶಿವಕುಮಾರನಿಗೆ ತಟ್ಟನೆ ಹೊಳೆಯಿತು, ಇದು ಮಲಗಿಸುವ ಪೆಟ್ಟಿಗೆ ಎಂದು. ಆದರೆ ಯಾರ ಬಳಿ ಏನೆಂದು ಹೇಳುವುದು? ವಿಮಾನದಲ್ಲಿ ಎಲ್ಲರೂ ಹಾಗೆಯೇ ಹೋಗುತ್ತಾರೆ.

ಕೆಲವು ದಿನ ಬಿಟ್ಟು ಶಿವಕುಮಾರ ಮುಶೈರಿಬ್‌ನ ಕಾರ್ಡ್ ಹಾಕುವ ಫೋನಿನಿಂದ ಊರಿನ ಅಂಗಡಿಗೆ ಫೋನ್ ಮಾಡಿದ. ಮೊದಲು ಪಂಚಪ್ಪನ ತಮ್ಮ ಮಾತಾಡಿದ. ಪೆಟ್ಟಿಗೆ ಒಡೆದು ನೋಡಿದರೆ ಮೈ ಮರಗಟ್ಟಿತ್ತಂತೆ. ಕೂರಿಸಲು ಹಿರಿಯರು ನೋಡಿದರು, ಸೊಂಟ ಬಗ್ಗಲಿಲ್ಲ, ಹೆಂಗಸರು ಬೇಡ ಬಿಡಿ ಎಂದು ಅತ್ತರು. ಕೂತವನಿಗೆಂದು ತೋಡಿದ್ದ ಕುಣಿಯನ್ನು ಉದ್ದ ಮಾಡಿ ಮಲಗಿಸಿಯೇ ಮಣ್ಣು ಕೊಟ್ಟರು. ಎಡಗೈ ಬಿಚ್ಚಲಿಲ್ಲ, ಲಿಂಗವನ್ನು ಮುಷ್ಟಿಯ ಮೇಲಿಟ್ಟು ಬಟ್ಟೆಯಿಂದ ಕಟ್ಟಿದರು. ಆಮೇಲೆ ಫೋನು ಗುರವ್ವನ ಕೈಗೆ ಬಂತು. ಆಕೆಯ ದನಿಯನ್ನು ಶಿವಕುಮಾರ ಕೇಳಿದ್ದು ಅದೇ ಮೊದಲು. ಅಳು ಇರಲಿಲ್ಲ.

“ಅವರನ್ನ ಕುಂದರಸಾಕ ಆಗಲಿಲ್ರಿ ಅಣ್ಣಾರ. ಸಿನಿಮಾದಾಗ ಕುಂತಾರಂತಲ್ರಿ. ಅದನ್ನ ಕಳಸ್ರಿ, ಜೀವಂತ ಕುಂತದ್ದರ ನೋಡ್ತೀನಿ.”

ಕಳಿಸುತ್ತೇನೆ ಎಂದು ಫೋನಿಟ್ಟವನು ನೇರ ಅನ್ಸಾಫನ ಅಂಗಡಿಗೆ ನಡೆದ. ಜೀವಂತ ಎಂಬ ಮಾತು ಕಿವಿಯಲ್ಲಿ ಕೂತಿತ್ತು. ಉಸಿರಾಡಿದ ಪಂಚಪ್ಪ ಎಲ್ಲಾದರೂ ಉಳಿದಿದ್ದಾನೆಯೇ? ಶೂಟಿಂಗಿನ ದಿನದ ಕ್ಯಾಸೆಟ್ಟಿನ ಮೇಲೆ ಯಾವ ಮದುವೆ ಹಿಡಿದೆ ಎಂದು ಅನ್ಸಾಫ್ ಯೋಚಿಸಿ, ಆ ಮನೆಯಿಂದ ಕ್ಯಾಸೆಟ್ ಕೇಳಿ ತಂದ. ಇಬ್ಬರೂ ಕೂತು ಓಡಿಸಿದರು. ಮದುಮಗ, ಮಾವಂದಿರು, ಬಿರಿಯಾನಿಯ ದೊಡ್ಡ ತಟ್ಟೆಗಳ ಸುತ್ತ ಕೂತ ಜನ. ಕೊನೆಗೆ ಮದುವೆ ಮುಗಿದು ತೆರೆ ತುಂಬ ಬಿಳಿ ಚುಕ್ಕೆಗಳು ಕಾಳಿನಂತೆ ಸುರಿದವು. ಆಮೇಲೆ ಒಂದು ಗೋಡೆ ಬಂತು.

ಮದೀನತ್ ಖಲೀಫಾದ ಗೋಡೆ. ಶಾಟ್ ಮುಗಿದಿದೆ, ಪಂಚಪ್ಪ ಎದ್ದು ಹೋಗಿದ್ದಾನೆ, ಅನ್ಸಾಫ್ ಎಂದಿನಂತೆ ಕ್ಯಾಮೆರಾ ನಿಲ್ಲಿಸಲು ಮರೆತಿದ್ದಾನೆ. ಮೊಳೆಯಿಂದ ಬಟ್ಟೆ ಇಳಿಬಿದ್ದು ಅಲ್ಲಾಡುತ್ತಿದೆ. ಅದರ ಕೆಳಗೆ ಸುಣ್ಣದ ಮೇಲೆ ಅವನ ಬೆನ್ನಿನ ಆಕಾರಕ್ಕೆ ಬೆವರಿನ ಒದ್ದೆ, ಎರಡು ಭುಜ, ನಡುವೆ ಬೆನ್ನುಮೂಳೆಯ ಒಣಗಿದ ಗೆರೆ. ಬಟ್ಟೆ ಅಲ್ಲಾಡುವುದು ನಿಂತಿತು, ಚಿತ್ರವೂ ನಿಂತಿತು.

ಅನ್ಸಾಫ್ ಕ್ಯಾಸೆಟ್ ಹೊರಗೆ ತೆಗೆದ. ಆಮೇಲೆ, “ಇದನ್ನೂ ಹಾಕುವನಾ ಶಿವಣ್ಣ?” ಎಂದ. ಬರೀ ಗೋಡೆಯನ್ನು ಕಳಿಸಿದರೆ ಆಕೆ ಏನೆಂದುಕೊಂಡಾಳು ಎಂದು ಶಿವಕುಮಾರ ಬೇಡವೆಂದ.

ಇನ್ನೂ ಒಂದು ಸಂಕೋಚವಿತ್ತು. ಗಂಡ ಸತ್ತವಳ ಮನೆಗೆ ದೆವ್ವದ ಸಿನಿಮಾ ಹೇಗೆ ಕಳಿಸುವುದು? ಸಿನಿಮಾದ ಹೆಸರು ತೆಗೆಸಿದ. ಕಾವಲುಗಾರನನ್ನು ತೆಗೆಸಿದ. ಮೊದಲೆರಡು ಕೋಣೆ, ವಾಚು ಕಟ್ಟಿದ ದೆವ್ವ, ಕತ್ತಲೆಯ ಕಿರುಚಾಟ ಎಲ್ಲ ಹೋಯಿತು. ಹಾರ ಹಾಕಿಕೊಂಡು, ವಿಭೂತಿ ಬಳಿದುಕೊಂಡು, ಕಣ್ಣು ಮುಚ್ಚಿ ಕೂತ ಪಂಚಪ್ಪ ಒಬ್ಬನೇ ಉಳಿದ, ಹಿಂದೆ ಒಂದು ಹೆಣ್ಣಿನ ಅಳು. ಮುಖ ಚೆನ್ನಾಗಿ ಕಾಣುತ್ತಿತ್ತು. ಕೊಟ್ಟ ಮಾತು ಅಷ್ಟರಮಟ್ಟಿಗೆ ಉಳಿಯಿತು ಎಂದುಕೊಂಡು, ರಜೆಗೆ ಹೊರಟಿದ್ದ ಬಸವಲಿಂಗನ ಕೈಯಲ್ಲಿ ಕ್ಯಾಸೆಟ್ ಕೊಟ್ಟ.

ಬಸವಲಿಂಗ ಇಳಕಲ್ಲಿನಿಂದ ಬಾಡಿಗೆಗೆ ವಿಸಿಪಿ ತಂದು ತೋರಿಸಿದ್ದಾನೆ ಎಂದು ಗೊತ್ತಾದ ಮೇಲಿನ ಶುಕ್ರವಾರ, ಶಿವಕುಮಾರ ಅದೇ ಬೂತಿನಲ್ಲಿ ನಿಂತ. ಬಿಸಿಲಿಗೆ ರಿಸೀವರ್ ಕೈ ಸುಡುತ್ತಿತ್ತು. ಗುರವ್ವ ಅಂಗಡಿಯಲ್ಲಿ ಕಾದು ಕೂತಿದ್ದಳು.

“ನೋಡಿದ್ಯೇನ್ ತಂಗಿ?”

“ನೋಡಿದೆರಿ. ಪೆಟ್ಟಿಗ್ಯಾಗ ಹಾಕೂಕಿಂತ ಮೊದಲ ಅಲ್ಲೆ ನೀವು ಕುಂದರಿಸಿದ್ರಿ, ಅದನ್ನ ತಗದ ಕಳಿಸೀರಿ ಅಂತ ತಿಳದೆ ನಾ. ಮಂದಿ ಎಲ್ಲಾ ಹಂಗs ತಿಳದು ಟೀವಿಗೆ ಕೈ ಮುಗದ್ರು. ಆಮ್ಯಾಲ ಕೈ ನೋಡಿದೆರಿ. ಅಂಗೈ ಖಾಲಿ ಐತಿ, ಕರಡಿಗಿ ಕೊಳ್ಳಾಗs ಐತಿ. ಸತ್ತಾವರನ್ನ ಹಂಗ ಯಾರೂ ಕುಂದರಸೂದಿಲ್ಲ. ಅವಾಗ ಜೀವ ಇತ್ತಲ್ರಿ, ಅಣ್ಣಾರ?”

“ಇತ್ತವ್ವ. ಅದು ಪಾರ್ಟು. ಲಿಂಗ ಕೈಯಾಗ ಇಡಾಕ ಅವನ ಒಪ್ಪಲಿಲ್ಲ.”

“ಮತ್ತ ಯಾಕ್ರಿ ಉಸರಾಡವಲ್ರು?”

ಶಿವಕುಮಾರ ಬೂತಿನ ಗಾಜಿಗೆ ಹಣೆ ಒತ್ತಿದ. ಪಂಚಪ್ಪನಿಗೆ ಹೇಳದೆ ಉಳಿದದ್ದನ್ನು ಆಕೆಗೂ ಹೇಳದೆ ಬಿಡಬಹುದಿತ್ತು.

“ಉಸರಾಡಿದ್ದ ತಂಗಿ. ಚಂದಂಗ ಕಾಣತಿತ್ತು. ಮಂದಿ ನಗ್ತಾರಂತ ನಾವ ಅದನ್ನ ನಿಲ್ಲಿಸಿದ್ವಿ. ಈಗ ಎಲ್ಲೂ ಇಲ್ಲ. ಹುಡಕೀನಿ.”

ಆ ಕಡೆ ಅಂಗಡಿಯ ತಕ್ಕಡಿಯ ಸದ್ದು, ಯಾರೋ ಸಕ್ಕರೆ ಕೇಳಿದ್ದು ಕೇಳಿಸಿತು. ಆಕೆ ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಒಳ್ಳೆಯದಿತ್ತು.

“ಮುಂದ ಏಳ್ತಾರೇನ್ರಿ? ಎದ್ದದ್ದರ ಐತೇನು?”

“ಎದ್ದ. ಎದ್ದ ಹೋಗಿ ಚಹಾ ಕುಡದ. ಅದೂ ಇಲ್ಲ. ಎದ್ದ ಹೋದ ಮ್ಯಾಲಿನ ಗೋಡೆ ಒಂದ ಐತಿ. ಬರೇ ಗೋಡೆ. ಬೆನ್ನಿನ ಬೆವರ ಹತ್ತೇತಿ ಅದಕ್ಕ. ಕಳಸೂದು ಚಲೋ ಕಾಣೂದಿಲ್ಲಂತ ಬಿಟ್ಟೆ.”

ಕಾರ್ಡು ಮುಗಿಯುತ್ತ ಬಂದಿತ್ತು, ಫೋನು ಕುಂಯ್ಗುಟ್ಟತೊಡಗಿತು.

“ಅದನ್ನ ಕಳಸ್ರಿ” ಎಂದಳು. “ಏನೂ ತಗೀಬ್ಯಾಡ್ರಿ ಅದರಾಗ.”